ಮನೆ ಮಾರುವಾಗ ಬರುವ ಆಫರ್‌ಗಳು: ಚಿಕ್ಕಮಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಹಳ್ಳಿಯಲ್ಲಿದ್ದ ನಮ್ಮ ತಂದೆಯ ಹಂಚಿನ ಮನೆ ಮಾರಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮನೆ ಕೇಳಿಕೊಂಡು ಬಂದವರು ಕಡಿಮೆ ಇರಲಿಲ್ಲ. ಯಾರ ಮಾತನ್ನು ಎಷ್ಟು ನಂಬಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಅತ್ತೆಯ ಮನೆ ಮಾರುವಾಗ, ಇಬ್ಬರು ಸ್ನೇಹಿತರ ಮನೆ ಮಾರುವಾಗ ಮಾತುಕತೆಗೆ ಜೊತೆಯಲ್ಲಿ ಕೂತೆ. ಅಂದಿನಿಂದ ಊರಿನವರು, ನೆಂಟರು ಫೋನ್ ಮಾಡಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಸಹಿ ಹಾಕುವ ಮುಂಚೆ ಕಾಗದವನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ. ಆ ಖರ್ಚು ಉಳಿಸಬೇಡಿ.

ಮನೆ ನೋಡಿ ಹೋದವರು "65ಕ್ಕೆ ಕೊಡಿ" ಅಂದರು. ಇದನ್ನು ಆಫರ್ ಅಂತ ತಿಳಿಯಬಹುದಾ?

ಇನ್ನೂ ಇಲ್ಲ. ಅದು ಬರೀ ಒಂದು ಸಂಖ್ಯೆ. ಅಡ್ವಾನ್ಸ್ ಎಷ್ಟು, ಬಾಕಿ ಯಾವ ತಾರೀಖಿಗೆ, ಆ ದುಡ್ಡು ಎಲ್ಲಿಂದ ಬರುತ್ತದೆ, ಇಷ್ಟೂ ಗೊತ್ತಾದ ಮೇಲೆ ಅದು ಆಫರ್ ಆಗುತ್ತದೆ. "ಇಷ್ಟನ್ನು ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಕಳಿಸಿ" ಅಂತ ಕೇಳಿ. ನಿಜವಾಗಿ ಕೊಳ್ಳುವವರು ಇದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ನಮ್ಮ ಮನೆ ನೋಡಿ ಬೆಲೆ ಹೇಳಿಹೋದವರಲ್ಲಿ ಹೀಗೆ ಬರೆದು ಕಳಿಸಿದವರು ಮೂವರು ಮಾತ್ರ. ಮನೆ ಕೊಂಡವರು ಆ ಮೂವರಲ್ಲಿ ಒಬ್ಬರು.

ಒಂದು ವಿಷಯ ನೆನಪಿರಲಿ. ಅವರು 65 ಅಂದಾಗ ನೀವು "67 ಆದರೆ ಕೊಡುತ್ತೇವೆ" ಅಂದರೆ, ಅವರ 65ರ ಆಫರ್ ಅಲ್ಲಿಗೇ ಮುಗಿಯಿತು. ನಾಳೆ ನೀವು "ಆಯ್ತು, 65ಕ್ಕೇ ತಗೊಳ್ಳಿ" ಅಂದರೆ ಅವರು ಒಪ್ಪಲೇಬೇಕು ಅಂತಿಲ್ಲ. ಅದಕ್ಕೇ ಎಷ್ಟಕ್ಕೆ ಕೊಡುತ್ತೀರಿ ಅನ್ನುವುದನ್ನು ಮನೆಯವರೆಲ್ಲ ಮೊದಲೇ ಕೂತು ತೀರ್ಮಾನ ಮಾಡಿಕೊಳ್ಳಿ. ಪಾರ್ಟಿ ಎದುರಿಗೆ ಕೂತಾಗ ಅಣ್ಣ ಒಂದು, ತಮ್ಮ ಒಂದು ಹೇಳಬಾರದು.

ಮೊದಲು ಬಂದ ಆಫರ್‌ಗೇ ಒಪ್ಪಬೇಕಾ?

ಮೊದಲು ಬಂತು ಅನ್ನುವ ಕಾರಣಕ್ಕೆ ಒಪ್ಪಬೇಡಿ, ಬಿಡಲೂ ಬೇಡಿ. "ಭಾನುವಾರದೊಳಗೆ ಹೇಳುತ್ತೇವೆ" ಅಂತ ಒಂದು ದಿನ ಗೊತ್ತು ಮಾಡಿ, ಆ ದಿನ ನೀವೇ ಫೋನ್ ಮಾಡಿ ಹೇಳಿ. "ನೋಡೋಣ" ಅಂತ ತಿಂಗಳುಗಟ್ಟಲೆ ಎಳೆದರೆ ಒಳ್ಳೆಯ ಪಾರ್ಟಿ ಬೇರೆ ಮನೆ ನೋಡಿಕೊಳ್ಳುತ್ತಾರೆ.

ಹೇಳಿದ ಬೆಲೆ ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು?

ಸರ್ಕಾರದ ಮಾರ್ಗಸೂಚಿ ದರವನ್ನೇ ಮಾರುಕಟ್ಟೆ ಬೆಲೆ ಅಂದುಕೊಳ್ಳಬೇಡಿ. ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇಟ್ಟ ಕನಿಷ್ಠ ದರ ಅದು. ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಅದನ್ನು ಪರಿಷ್ಕರಿಸಿದ್ದಾರೆ. ನಿಮ್ಮ ಬೀದಿಯ ದರ ಎಷ್ಟಿದೆ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಗೆ ಯಾರಾದರೂ ಕೇಳಿದರೆ ಎಚ್ಚರ. ಮಾರಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ 10ಕ್ಕೂ ಜಾಸ್ತಿ ಇದ್ದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟಿದ ಹಾಗಾಗುತ್ತದೆ.

ನಿಜವಾದ ಬೆಲೆ ತಿಳಿಯಬೇಕಾದರೆ ಅದೇ ಬಡಾವಣೆಯಲ್ಲಿ ಒಂದು ವರ್ಷದೊಳಗೆ ಮನೆ ಕೊಂಡವರನ್ನು ಕೇಳಿ. ಮಾರಿದವರು ಜಾಸ್ತಿ ಹೇಳಬಹುದು, ಕೊಂಡವರು ಸ್ವಲ್ಪ ಕಡಿಮೆ ಹೇಳಬಹುದು. ಎರಡನ್ನೂ ಕೇಳಿದರೆ ನಡುವೆ ಎಲ್ಲೋ ನಿಜ ಸಿಗುತ್ತದೆ. ಇನ್ನೊಂದು ದಾರಿಯೂ ಇದೆ. ಬ್ಯಾಂಕ್‌ಗಳಿಗೆ ಮನೆ ಬೆಲೆ ಕಟ್ಟಿಕೊಡುವ ಎಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ವರದಿ ಬರೆಸಿಕೊಳ್ಳಿ. ಚೌಕಾಸಿಗೆ ಕೂತಾಗ ಆ ಕಾಗದ ಬಹಳ ಸಹಾಯಕ್ಕೆ ಬರುತ್ತದೆ.

ಇಬ್ಬರು ಪಾರ್ಟಿ ಇದ್ದಾರೆ. ಒಬ್ಬರು 72 ಲಕ್ಷ ಅಂತಾರೆ, ಇನ್ನೊಬ್ಬರು 68. ಯೋಚನೆ ಮಾಡುವುದು ಏನಿದೆ?

ಇದೆ. ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು ಇಲ್ಲೇ. ಕಲ್ಯಾಣನಗರದ ನನ್ನ ಸ್ನೇಹಿತೆಗೆ ಬಂದಿದ್ದು ಇದೇ ಎರಡು ಆಫರ್.

72 ಅಂದವರು ಅಡ್ವಾನ್ಸ್ 2 ಲಕ್ಷ ಕೊಡುವವರಿದ್ದರು. ಬಾಕಿ ಹನ್ನೊಂದು ತಿಂಗಳಿಗೆ, ಅದೂ ಬೆಂಗಳೂರಿನ ಸೈಟು ಮಾರಾಟವಾದ ಮೇಲೆ. 68 ಅಂದವರು ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು. ಅಡ್ವಾನ್ಸ್ 10 ಲಕ್ಷ, ಬಾಕಿ ಬ್ಯಾಂಕ್ ಸಾಲದಿಂದ ಮೂರು ತಿಂಗಳಿಗೆ.

ಈಗ ಲೆಕ್ಕ ಮಾಡಿ. 68 ಲಕ್ಷ ಎಂಟು ತಿಂಗಳು ಮೊದಲೇ ಕೈಗೆ ಬರುತ್ತದೆ. ಶೇ 7ರ ಠೇವಣಿಯಲ್ಲಿ ಇಟ್ಟರೂ ಆ ಎಂಟು ತಿಂಗಳಿಗೆ ಬಡ್ಡಿ ಸುಮಾರು 3 ಲಕ್ಷ 17 ಸಾವಿರ. ನಾಲ್ಕು ಲಕ್ಷದ ವ್ಯತ್ಯಾಸ ಒಂದು ಲಕ್ಷಕ್ಕೂ ಕೆಳಗೆ ಇಳಿಯಿತು, ಅಲ್ವಾ? ಆ ಒಂದು ಲಕ್ಷಕ್ಕಾಗಿ ಇವಳು ಹೊರಬೇಕಾದ ಭಾರ ನೋಡಿ. ಬೆಂಗಳೂರಿನಲ್ಲಿ ಯಾರದೋ ಸೈಟು ಮಾರಾಟವಾಗಬೇಕು. ಅದನ್ನು ಕೊಳ್ಳುವವರಿಗೆ ಸಾಲ ಸಿಗಬೇಕು. ಆಮೇಲೆ ಇವಳ ಮನೆ. ಅಲ್ಲಿಯವರೆಗೆ ಮನೆ ಖಾಲಿ, ಮಳೆಗಾಲದಲ್ಲಿ ಹಂಚು ಸರಿಸುವವರಿಗೂ ಇವಳೇ ದುಡ್ಡು ಕೊಡಬೇಕು. ಅವಳು 68ಕ್ಕೆ ಒಪ್ಪಿದಳು. ನನ್ನನ್ನು ಕೇಳಿದರೂ ಅದೇ ಸರಿ ಅನ್ನುತ್ತೇನೆ.

ಹಾಗಂತ ಸಾಲದ ಪಾರ್ಟಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ 80ರವರೆಗೆ, ಅದಕ್ಕೂ ಮೇಲಿನದಕ್ಕೆ ಶೇ 75ರವರೆಗೆ ಕೊಡಬಹುದು. 68 ಲಕ್ಷದ ಮನೆಗೆ ಹೆಚ್ಚೆಂದರೆ 54 ಲಕ್ಷ 40 ಸಾವಿರ ಸಾಲ ಸಿಗುತ್ತದೆ. ಉಳಿದ 13 ಲಕ್ಷ 60 ಸಾವಿರ ಅವರ ಕೈಯಿಂದ ಬರಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 2 ಆಗಿದೆ. ಎಲ್ಲ ಸೇರಿ ಇನ್ನೂ 5 ಲಕ್ಷದ ಮೇಲೆ. ಅಂದರೆ ಅವರ ಹತ್ತಿರ ಸ್ವಂತದ 19 ಲಕ್ಷ ಇರಬೇಕು. "ಸಾಲ ಆಗುತ್ತೆ ಬಿಡಿ" ಅನ್ನುವವರನ್ನು ಈ 19 ಲಕ್ಷದ ಬಗ್ಗೆ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಸಂಬಳದ ಮೇಲೆ ಎಷ್ಟು ಸಾಲ ಕೊಡಬಹುದು ಅಂತ ಬ್ಯಾಂಕ್ ಮೊದಲೇ ಬರೆದುಕೊಟ್ಟ ಪತ್ರ ಇದ್ದರೆ ಅದನ್ನೂ ನೋಡಿ.

"ಕಾಫಿ ಮಾರಿದ ಮೇಲೆ ಕೊಡ್ತೀನಿ" ಅನ್ನುತ್ತಾರೆ. ನಂಬಬಹುದಾ?

ನಮ್ಮ ಜಿಲ್ಲೆಯಲ್ಲಿ ಇದು ಸಹಜವಾದ ಮಾತು. ತೋಟದವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆದರೆ ಕಾಫಿ ಮಾರುವುದು ಒಂದು ತಾರೀಖು ಅಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಅದರ ಹಿಂದೆಯೇ ಫೆಬ್ರವರಿ, ಮಾರ್ಚ್‌ವರೆಗೂ ನಡೆಯುತ್ತದೆ. ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿದ ಮೇಲೂ ಬೆಲೆ ಏರಲಿ ಅಂತ ಕಾಯುವವರು ಎಷ್ಟೋ ಜನ. ಕಾಯುವುದು ಅವರ ಹಕ್ಕು. ಆ ಕಾಯುವಿಕೆಯೊಳಗೆ ನಿಮ್ಮ ಮನೆ ಸಿಕ್ಕಿಕೊಳ್ಳಬಾರದು. ಅಗ್ರಿಮೆಂಟ್‌ನಲ್ಲಿ "ಕಾಫಿ ಮಾರಿದ ಮೇಲೆ" ಅಂತ ಬರೆಯಲು ಬಿಡಬೇಡಿ. "ಏಪ್ರಿಲ್ 15ರೊಳಗೆ" ಅಂತ ಬರೆಸಿ.

ತಿಂಗಳ ವಿಷಯ ಬಂದಾಗ ಇನ್ನೊಂದು ಮಾತು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ನಮ್ಮ ಕಡೆ ತುಂಬ ಜನ ಮನೆ ರಿಜಿಸ್ಟರ್ ಮಾಡಿಸಿಕೊಳ್ಳುವುದಿಲ್ಲ. ಕೊನೆಯ ದಿನಾಂಕ ಗೊತ್ತು ಮಾಡುವಾಗ ಪಂಚಾಂಗವನ್ನೂ ಒಮ್ಮೆ ನೋಡಿ. ಇಲ್ಲದಿದ್ದರೆ ಆ ಒಂದು ನೆಪದಲ್ಲೇ ಇನ್ನೊಂದು ತಿಂಗಳು ಹೋಗುತ್ತದೆ.

ಟೋಕನ್ ಅಡ್ವಾನ್ಸ್ ಹೇಗೆ ತಗೊಳ್ಳಬೇಕು? ನಗದು ಕೊಟ್ಟರೆ ಇಟ್ಟುಕೊಳ್ಳಬಹುದಾ?

ಆಸ್ತಿ ಮಾರಾಟಕ್ಕೆ ಸಂಬಂಧಪಟ್ಟಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿಯನ್ನು ನಗದಾಗಿ ಪಡೆಯುವಂತಿಲ್ಲ. 2015ರ ಜೂನ್ 1ರಿಂದ ಈ ನಿಯಮ ಇದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಎಲೆ ಅಡಿಕೆ ಜೊತೆ ತಟ್ಟೆಯಲ್ಲಿ ಒಂದು ಸಾವಿರದ ಒಂದು ರೂಪಾಯಿ ಇಟ್ಟು ಕೊಟ್ಟರೆ ಸಂತೋಷದಿಂದ ತಗೊಳ್ಳಿ. ಉಳಿದದ್ದು ಬ್ಯಾಂಕ್ ಮೂಲಕವೇ ಬರಲಿ.

ಟೋಕನ್ ತಗೊಂಡ ದಿನವೇ ಒಂದು ಚಿಕ್ಕ ಕಾಗದ ಬರೆದುಕೊಳ್ಳಿ. ದಾಖಲೆ ನೋಡಲು ಅವರಿಗೆ ಇಷ್ಟು ದಿನ, ಅಷ್ಟರೊಳಗೆ ಅಗ್ರಿಮೆಂಟ್ ಆಗದಿದ್ದರೆ ದುಡ್ಡು ವಾಪಸ್, ಯಾರಿಗೂ ಯಾರ ಮೇಲೂ ಹಕ್ಕಿಲ್ಲ ಅಂತ. ಹದಿನೈದು ದಿನ ಸಾಕು. ಆ ಹದಿನೈದು ದಿನ ಬೇರೆಯವರಿಗೆ ಮನೆ ತೋರಿಸುವುದನ್ನು ನಿಲ್ಲಿಸಿ. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು.

ಅಡ್ವಾನ್ಸ್ ತಗೊಂಡಾಯಿತು. ಈಗ ಬೇರೆಯವರು ಐದು ಲಕ್ಷ ಜಾಸ್ತಿ ಕೊಡ್ತೀನಿ ಅಂತಾರೆ. ಬದಲಾಯಿಸಬಹುದಾ?

ಬೇಡ. ಅಗ್ರಿಮೆಂಟ್ ಆಗಿದ್ದರೆ ಕಾನೂನೂ ನಿಮ್ಮ ಪರ ನಿಲ್ಲುವುದಿಲ್ಲ. ಕೊಳ್ಳುವವರು ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ "ದುಡ್ಡು ಬೇಡ, ಮನೆಯನ್ನೇ ನನ್ನ ಹೆಸರಿಗೆ ಮಾಡಿಸಿಕೊಡಿ" ಅಂತ ಕೇಳಬಹುದು. ಹಾಗೆ ಆದೇಶ ಕೊಡುವುದು ಬಿಡುವುದು ಮೊದಲು ಹೆಚ್ಚಾಗಿ ನ್ಯಾಯಾಧೀಶರ ವಿವೇಚನೆಯಲ್ಲಿತ್ತು. 2018ರ ತಿದ್ದುಪಡಿಯ ನಂತರ ಅದು ಕೊಳ್ಳುವವರ ಕಡೆಗೆ ಬಹಳ ಬಲವಾಗಿದೆ. ಕೇಸು ಬಿದ್ದ ಮನೆಯನ್ನು ಆ ಐದು ಲಕ್ಷ ಜಾಸ್ತಿ ಅಂದವರೂ ಮುಟ್ಟುವುದಿಲ್ಲ. ಬರೀ ಟೋಕನ್ ಹಂತದಲ್ಲಿದ್ದರೂ ಕೊಟ್ಟ ಮಾತು ಮಾತೇ. ಚಿಕ್ಕ ಊರು ನಮ್ಮದು, ಮತ್ತೆ ಅವರ ಎದುರಿಗೇ ಓಡಾಡಬೇಕು.

ಬ್ರೋಕರ್ ತಾನೇ ಅಗ್ರಿಮೆಂಟ್ ಮಾಡಿಕೊಳ್ತೀನಿ ಅಂತಾರೆ. ಒಳ್ಳೆಯದಲ್ವಾ?

ನನ್ನ ಅತ್ತೆ ಹೀಗೆ ಒಪ್ಪಿ ಒಂದು ವರ್ಷ ಕಳೆದುಕೊಂಡರು. ಮಧ್ಯವರ್ತಿಯೊಬ್ಬರು 1 ಲಕ್ಷ ಅಡ್ವಾನ್ಸ್ ಕೊಟ್ಟು ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಸಿಕೊಂಡರು. ಅದರಲ್ಲಿ "ನನಗೆ ಅಥವಾ ನಾನು ಸೂಚಿಸಿದವರ ಹೆಸರಿಗೆ" ಅಂತ ಒಂದು ಸಾಲು. ಅತ್ತೆಗೆ ಅದರ ಅರ್ಥ ಆಗಲಿಲ್ಲ. ನಾವೂ ಓದಿರಲಿಲ್ಲ. ಆಮೇಲೆ ಆ ಮಧ್ಯವರ್ತಿ ಅದೇ ಮನೆಯನ್ನು ಒಂಬತ್ತು ಲಕ್ಷ ಜಾಸ್ತಿ ಹೇಳಿ ಬೇರೆಯವರಿಗೆ ತೋರಿಸುತ್ತಿದ್ದರು. ಆ ಬೆಲೆಗೆ ಯಾರೂ ಒಪ್ಪಲಿಲ್ಲ. ಅತ್ತೆ ತಾವೇ ಬೇರೆಯವರಿಗೆ ಮಾರುವಂತೆಯೂ ಇರಲಿಲ್ಲ. ಔಷಧಿಗೆ ದುಡ್ಡು ಬೇಕು ಅಂತಲೇ ಮನೆ ಮಾರಲು ಹೊರಟಿದ್ದವರು ಅವರು. ಅವಧಿ ಮುಗಿದ ಮೇಲೆ ವಕೀಲರ ನೋಟಿಸ್ ಕೊಟ್ಟು, ಅಡ್ವಾನ್ಸ್ ವಾಪಸ್ ಮಾಡಿ ಬಿಡಿಸಿಕೊಂಡೆವು.

ಇಂಥ ಆಫರ್ ಬಂದರೆ ಅವಧಿ ಮೂರು ತಿಂಗಳಿಗಿಂತ ಜಾಸ್ತಿ ಬೇಡ. "ಸೂಚಿಸಿದವರ ಹೆಸರಿಗೆ" ಅನ್ನುವ ಸಾಲನ್ನು ತೆಗೆಸಿ. ಅಡ್ವಾನ್ಸ್ ದೊಡ್ಡದಾಗಿರಲಿ. ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಪತ್ರ, ಅಂತೂ ಬೇಡವೇ ಬೇಡ. ಜಿಪಿಎ ಬರೆದುಕೊಟ್ಟ ಮಾತ್ರಕ್ಕೆ ಮಾರಾಟ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನಿಮ್ಮ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರವನ್ನು ನೀವು ಕೈಬಿಟ್ಟ ಹಾಗಾಗುತ್ತದೆ. ಬ್ರೋಕರ್‌ಗಳೆಲ್ಲ ಹೀಗಲ್ಲ. ನಮ್ಮ ಮನೆಗೆ ಒಳ್ಳೆಯ ಪಾರ್ಟಿ ತಂದವರೂ ಒಬ್ಬ ಬ್ರೋಕರೇ. ಕಮಿಷನ್ ಎಷ್ಟು, ಯಾವಾಗ ಅಂತ ಮೊದಲೇ ಮಾತಾಡಿ, ರಿಜಿಸ್ಟ್ರೇಷನ್ ದಿನ ಕೊಡಿ.

ಅರ್ಧ ವೈಟ್, ಅರ್ಧ ಕ್ಯಾಶ್ ಅಂತಾರೆ. ಎಲ್ಲರೂ ಹಾಗೇ ಮಾಡ್ತಾರಂತೆ?

ಎಲ್ಲರೂ ಮಾಡುವುದಿಲ್ಲ. ಇದು ಕಾನೂನಿಗೆ ವಿರುದ್ಧ, ಕಷ್ಟ ಬೀಳುವುದೂ ಮಾರುವವರಿಗೇ. ಕ್ಯಾಶ್ ಭಾಗಕ್ಕೆ ಕಾಗದ ಇರುವುದಿಲ್ಲ. ಕೊನೆ ಗಳಿಗೆಯಲ್ಲಿ ಅವರು ಕಡಿಮೆ ಕೊಟ್ಟರೆ ಕೇಳಲು ದಾರಿಯಿಲ್ಲ. ಆ ದುಡ್ಡನ್ನು ನೀವು ಬ್ಯಾಂಕಿಗೆ ಹಾಕುವಂತಿಲ್ಲ, ಅದರಿಂದ ಇನ್ನೊಂದು ಮನೆ ಕೊಳ್ಳುವಂತಿಲ್ಲ.

ತೆರಿಗೆಗೆ ಹೆದರಿ ಒಪ್ಪುವವರಿಗೆ ಇದನ್ನು ಹೇಳಬೇಕು. ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದರೆ, ಭಾರತದಲ್ಲೇ ವಾಸವಿರುವವರು ಈ ಲೆಕ್ಕ, ಹಣದುಬ್ಬರ ಕಳೆದು ಶೇ 20ರ ಹಳೆಯ ಲೆಕ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಲಾಭದಲ್ಲಿ ಅದಕ್ಕೆ ಹಾಕಿದಷ್ಟಕ್ಕೆ ವಿನಾಯಿತಿ ಇದೆ. ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಲೆಕ್ಕ ಹಾಕಿಸಿ. ನೀವು ಹೆದರಿದಷ್ಟು ತೆರಿಗೆ ಇಲ್ಲದಿರಬಹುದು.

ಅಪ್ಪನ ಹೆಸರಿನ ಮನೆ. ಆಫರ್ ಒಪ್ಪುವ ಮುಂಚೆ ಅಕ್ಕತಂಗಿಯರನ್ನು ಕೇಳಬೇಕಾ?

ಕೇಳಲೇಬೇಕು. ಹಿಂದೂ ಕುಟುಂಬಗಳಲ್ಲಿ ತಂದೆ ವಿಲ್ ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಮನೆಯಲ್ಲಿ ತಾಯಿಗೂ, ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಸಮ ಪಾಲು. ಅಜ್ಜಿ ಬದುಕಿದ್ದರೆ ಅವರಿಗೂ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಸ್ಪಷ್ಟಪಡಿಸಿತು.

ನಮ್ಮ ಮನೆ ತಡವಾದ ದೊಡ್ಡ ಕಾರಣ ಇದೇ. ಅಣ್ಣ ಒಂದು ಆಫರ್‌ಗೆ ಒಪ್ಪಿಬಿಟ್ಟಿದ್ದ. ತೀರ್ಥಹಳ್ಳಿಯಲ್ಲಿದ್ದ ತಂಗಿಗೆ ಅದು ಬೇರೆಯವರಿಂದ ಗೊತ್ತಾಯಿತು. ಅವಳು ಪಾಲಿಗಾಗಿ ಜಗಳ ಆಡಲಿಲ್ಲ. "ನನ್ನನ್ನು ಒಂದು ಮಾತು ಕೇಳಲಿಲ್ಲ" ಅಂತ ಅತ್ತಳು. ಆ ಪಾರ್ಟಿಗೆ ಕ್ಷಮೆ ಕೇಳಿ ಟೋಕನ್ ವಾಪಸ್ ಕೊಟ್ಟೆವು. ಮನೆಗೆ ಬೋರ್ಡ್ ಹಾಕುವ ಮುಂಚೆಯೇ ಎಲ್ಲರೂ ಸೇರಿ ಕನಿಷ್ಠ ಬೆಲೆ ತೀರ್ಮಾನಿಸಿ ಬರೆದಿಡಿ. ಮಾತಾಡಲು ಒಬ್ಬರನ್ನು ನೇಮಿಸಿ. ಹೊರದೇಶದಲ್ಲಿ ಇರುವವರ ಸಹಿಗೆ ಹೆಚ್ಚು ದಿನ ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಫರ್ ಬರುವ ಹೊತ್ತಿಗೆ ಯಾವ ಕಾಗದ ಕೈಯಲ್ಲಿರಬೇಕು?

ನಗರಸಭೆ ವ್ಯಾಪ್ತಿಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವಿಲ್ಲದೆ ಈಗ ನೋಂದಣಿ ಮುಂದೆ ಹೋಗುವುದಿಲ್ಲ. ಜೊತೆಗೆ ಕ್ರಯಪತ್ರ, ಈ ವರ್ಷದ ಕಂದಾಯದ ರಸೀದಿ, ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಿಗುವ ಇಸಿ (ಮನೆ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ). ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಮಾಡಿಸಿ. ಚೆಕ್ಕುಬಂದಿಯನ್ನು ನೀವೇ ಒಮ್ಮೆ ಓದಿ. ಪತ್ರದಲ್ಲಿರುವ ಪೂರ್ವ ಪಶ್ಚಿಮ, ನೆಲದ ಮೇಲಿರುವುದು ಎರಡೂ ಒಂದೇನಾ ಅಂತ ನೋಡಿ.

ಮನೆ ಮೇಲೆ ಸಾಲ ಇದ್ದರೆ?

ಮುಚ್ಚಿಡಬೇಡಿ, ಮೊದಲ ದಿನವೇ ಹೇಳಿ. ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಪತ್ರ ತಂದಿಡಿ. ಕೊಳ್ಳುವವರ ದುಡ್ಡಿನಿಂದಲೇ ಸಾಲ ತೀರಿಸಿ ಉಳಿದದ್ದು ನಿಮಗೆ ಬರುವ ಹಾಗೆ ಬರೆಸಬಹುದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ಮಾಡಿರುವ ನಿಯಮ ಇದು.

ಬೆಲೆ ಒಪ್ಪಿದ ಮೇಲೆ "ಗೋಡೆ ಒದ್ದೆ ಇದೆ, ಮೂರು ಲಕ್ಷ ಇಳಿಸಿ" ಅಂತಾರೆ. ಏನು ಮಾಡಲಿ?

ಒದ್ದೆ ಇರುವುದು ನಿಜವಾ? ನಿಜವಾದರೆ ನೀವು ಮೊದಲೇ ಹೇಳಬೇಕಿತ್ತು. ನಮ್ಮ ಮಳೆಗೆ ಪಶ್ಚಿಮದ ಗೋಡೆ ನೀರು ಕುಡಿಯದ ಹಳೆಯ ಮನೆ ಅಪರೂಪ. ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ತಿಳಿಸಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಹೇಳುತ್ತದೆ. ರಿಪೇರಿಗೆ ಎಷ್ಟಾಗುತ್ತೆ ಅಂತ ಮೇಸ್ತ್ರಿ ಹತ್ತಿರ ಬರೆಸಿ ಅಷ್ಟನ್ನೇ ಇಳಿಸಿ. ಮೂರು ಲಕ್ಷ ಅಂತ ಅವರು ಹೇಳಿದ್ದಕ್ಕೆ ಸುಮ್ನೆ ತಲೆಯಾಡಿಸಬೇಡಿ. ನಾವು ಮನೆ ತೋರಿಸುವಾಗಲೇ ಸೋರುವ ಜಾಗವನ್ನೂ ತೋರಿಸುತ್ತಿದ್ದೆವು. ಆಮೇಲೆ ಆ ಮಾತೇ ಬರಲಿಲ್ಲ.

ಅಗ್ರಿಮೆಂಟ್ ಆಯಿತು. ಬಣ್ಣ ಹೊಡೆಸಲು ಕೀ ಕೇಳುತ್ತಿದ್ದಾರೆ. ಕೊಡಲಾ?

ಬೇಡ. ಹೋಂಸ್ಟೇ ಮಾಡಲು ಕೊಳ್ಳುವವರು ಇದನ್ನು ಜಾಸ್ತಿ ಕೇಳುತ್ತಾರೆ, ಸೀಸನ್ ತಪ್ಪಬಾರದು ಅಂತ. ಸ್ವಾಧೀನ ಕೊಟ್ಟ ಅಗ್ರಿಮೆಂಟ್‌ಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳಗೆ ಸೇರಿದವರಿಗೆ ಬಾಕಿ ದುಡ್ಡಿನ ಅವಸರ ಇರುವುದಿಲ್ಲ. ಅಳತೆ ತೆಗೆಯಲು ನೀವೇ ಜೊತೆಗೆ ಹೋಗಿ ಬಾಗಿಲು ತೆರೆದು ತೋರಿಸಿ.

ಅವಧಿ ಮುಗಿದರೂ ಪಾರ್ಟಿ ಸುದ್ದಿಯಿಲ್ಲ. ಅಡ್ವಾನ್ಸ್ ಇಟ್ಟುಕೊಂಡು ಬೇರೆಯವರಿಗೆ ಮಾರಬಹುದಾ?

ನೋಟಿಸ್ ಕೊಡದೆ ಬೇಡ. ವಕೀಲರಿಂದ ನೋಟಿಸ್ ಕೊಟ್ಟು, ಕೊನೆಯ ಗಡುವು ಹೇಳಿ, ಆಮೇಲೆ ರದ್ದು ಮಾಡಿ. ಅಗ್ರಿಮೆಂಟ್ ನೋಂದಣಿ ಆಗಿದ್ದರೆ ಅದು ಇಸಿಯಲ್ಲಿ ಕಾಣುತ್ತಲೇ ಇರುತ್ತದೆ. ಇಬ್ಬರೂ ಬಂದು ರದ್ದುಪತ್ರ ಮಾಡಿಸಿದರೆ ಒಳ್ಳೆಯದು. ದೊಡ್ಡ ಅಡ್ವಾನ್ಸ್ ಪೂರ್ತಿ ನುಂಗಿದರೆ ಕೋರ್ಟು ಒಪ್ಪುತ್ತದೆ ಅಂತ ನಂಬಬೇಡಿ. ಇಟ್ಟುಕೊಂಡ ಅಡ್ವಾನ್ಸ್‌ಗೆ ಆದಾಯ ತೆರಿಗೆಯೂ ಇದೆ. ನಮ್ಮ ಮನೆಗೆ ಬಂದಿದ್ದ ಒಬ್ಬರಿಗೆ ಆಸ್ಪತ್ರೆ ಖರ್ಚು ಬಂದು ಕೊಳ್ಳಲು ಆಗಲಿಲ್ಲ. ಪೂರ್ತಿ ದುಡ್ಡು ವಾಪಸ್ ಕೊಟ್ಟು ರದ್ದುಪತ್ರಕ್ಕೆ ಸಹಿ ಪಡೆದೆವು. ಎರಡೇ ದಿನದಲ್ಲಿ ಮುಗಿಯಿತು.

ರಿಜಿಸ್ಟ್ರೇಷನ್ ದಿನ ದುಡ್ಡು ಮೊದಲೋ, ಸಹಿ ಮೊದಲೋ?

ದುಡ್ಡು ಮೊದಲು. ಡಿಡಿಯಾದರೆ ಕೈಯಲ್ಲಿರಬೇಕು, ಆರ್‌ಟಿಜಿಎಸ್ ಆದರೆ ನಿಮ್ಮ ಖಾತೆಗೆ ಬಂದಿರಬೇಕು. ಮಾಮೂಲಿ ಚೆಕ್ ಬೇಡ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ನಿಮಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 68 ಲಕ್ಷಕ್ಕೆ 68,000. ದುಡ್ಡು ಕಡಿಮೆ ಬಂತು ಅಂತ ಆ ಹೊತ್ತಿನಲ್ಲಿ ಗಾಬರಿಯಾಗಬೇಡಿ, ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಬರುತ್ತದೆ. ಮಾರುವವರಲ್ಲಿ ಯಾರಾದರೂ ಹೊರದೇಶದಲ್ಲಿದ್ದರೆ ಅವರ ಪಾಲಿಗೆ ಟಿಡಿಎಸ್ ಲೆಕ್ಕವೇ ಬೇರೆ, ಆಡಿಟರ್‌ನ್ನು ಮೊದಲೇ ಕೇಳಿ.

ಸಹಿ ಆದ ಮೇಲೆ ಮೆಸ್ಕಾಂ ಮೀಟರ್ ರೀಡಿಂಗ್ ಫೋಟೊ ತೆಗೆದು ಅವರಿಗೂ ಕಳಿಸಿ. ನೀರಿನ ಬಿಲ್ಲು ತೀರಿಸಿದ ರಸೀದಿ ಕೊಡಿ. ಕೀ ಗೊಂಚಲಿನಲ್ಲಿ ಯಾವುದು ಯಾವ ಬಾಗಿಲಿನದು ಅಂತ ಚೀಟಿ ಅಂಟಿಸಿ. ನಮ್ಮ ಅಮ್ಮ ದೇವರಮನೆಯ ಕೀಯನ್ನು ಬೇರೆ ದಾರದಲ್ಲಿ ಕಟ್ಟಿ, ಮನೆ ಕೊಂಡ ಹೆಣ್ಣುಮಗಳ ಕೈಗೆ ತಾವೇ ಕೊಟ್ಟರು.